ಸಿನಿಮಾ ಮುಗಿದ ಮೇಲೆ

ಪರದೆಯ ಮೇಲೆ ದೋಣಿ ದಡ ಮುಟ್ಟುವ ಹೊತ್ತಿಗೆ ವಾರಿಜಾಳ ಮಡಿಲಲ್ಲಿದ್ದ ಫೋನು ಮತ್ತೆ ನಡುಗಿತು. ಮಗಳು ಯಕ್ಷಿತಾ. ಬೆಳಕನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸಾಲಿನಲ್ಲಿ ಕೂತವರ ಮೊಣಕಾಲು ದಾಟಿ ಅವಳು ಕನ್ನಡ ಸಂಘದ ಸಭಾಂಗಣದಿಂದ ಹೊರಗೆ ಬಂದಳು.

"ಅಮ್ಮಾ, ನಾನು ಘಾಟ್ಕೋಪರ್ ಸ್ಟೇಷನ್‌ನಲ್ಲಿದ್ದೇನೆ. ಮುಲುಂಡ್‌ಗೆ ಬರ್ತಾ ಇದ್ದೇನೆ. ಬ್ಯಾಗ್ ತಂದಿದ್ದೇನೆ." ಹಿಂದಿನಿಂದ ಲೋಕಲ್ ರೈಲಿನ ಗದ್ದಲ. "ಅಂಧೇರಿಯ ಆ ಮನೆಗೆ ವಾಪಸ್ ನಹೀ ಜಾವೂಂಗಿ, ಹೋಗುದೇ ಇಲ್ಲ. ಬಸ್."

"ಶೇಖರ ಎಲ್ಲಿ?" ಅಳಿಯನ ಹೆಸರು ಹೇಳುವಾಗ ವಾರಿಜಾ ದನಿ ತಗ್ಗಿಸಿದಳು.

"ಹಾಲು ತರ್ಲಿಕ್ಕೆ ಕೆಳಗೆ ಹೋದ. ಇವತ್ತು ಬೀಗ ಹಾಕ್ಲಿಕ್ಕೆ ಮರೆತ."

ವಾರಿಜಾ ಬಾಗಿಲಿನಿಂದ ಇನ್ನಷ್ಟು ದೂರ ಸರಿದಳು. "ಮನೆಯಲ್ಲಿ ಯಾರೂ ಇಲ್ಲ ಮಗಾ. ಸೀದಾ ಸಂಘದ ಹಾಲ್‌ಗೇ ಬಾ," ಎಂದಳು. ಹೇಳಿದ ಮೇಲೆ, ಅಷ್ಟು ಜನರೆದುರಿಗೆ ಕರೆಯಬಾರದಿತ್ತೇನೋ ಅನ್ನಿಸಿತು.

ಒಳಗೆ ಬಂದು ಕೂತರೂ ಸಿನಿಮಾ ತಲೆಗೆ ಹತ್ತಲಿಲ್ಲ. ಮುಂದಿನ ಸಾಲಿನಲ್ಲಿ ಗಂಡ ಧನರಾಜ್ ಕತ್ತು ಚಾಚಿ ನೋಡುತ್ತಿದ್ದ. ಹುಡುಗನಾಗಿದ್ದಾಗ ಕುರ್ಲಾದ ಹೋಟೆಲಿಗೆ ಲೋಟ ತೊಳೆಯಲು ಬಂದವನು; ರಾತ್ರಿಶಾಲೆಯ ಮೇಷ್ಟ್ರೊಬ್ಬರು ಹೊರದೇಶದ ಸಿನಿಮಾಗಳ ರುಚಿ ಹತ್ತಿಸಿದ್ದರು. ಈಗ ಅದೇ ಕುರ್ಲಾದಲ್ಲಿ ಗೆಳೆಯ ಅನಿಲಕುಮಾರನ ಪಾಲುದಾರಿಕೆಯಲ್ಲಿ ಸ್ವಂತ ಹೋಟೆಲಿದೆ. ಆದರೆ ಹುಚ್ಚು ಬಿಟ್ಟಿಲ್ಲ. ಎಲ್ಲೆಲ್ಲಿಂದಲೋ ಹಳೆಯ ಚಿತ್ರಗಳನ್ನು ಹುಡುಕಿ ತಂದು ಸಂಘದಲ್ಲಿ ತೋರಿಸುತ್ತಾನೆ, ಮುಗಿದ ಮೇಲೆ ಚರ್ಚೆ ನಡೆಸುತ್ತಾನೆ. ಭಾಷೆ ತಿಳಿಯದ ದೇಶದ ತಾಯಿ ಮಗನಿಗಾಗಿ ಅತ್ತರೆ ಇವನ ಕಣ್ಣೂ ತುಂಬುತ್ತದೆ. ಎಷ್ಟೋ ಸಲ ವಾರಿಜಾ ಪರದೆ ಬಿಟ್ಟು ಅವನ ಮುಖವನ್ನೇ ನೋಡಿದ್ದಾಳೆ. ನನ್ನ ಗಂಡ ಎಂಥ ಮೆತ್ತಗಿನ ಮನುಷ್ಯ ಎಂದು ಹೆಮ್ಮೆಪಟ್ಟಿದ್ದಾಳೆ.

ಶೇಖರ ಅದೇ ಅನಿಲಕುಮಾರನ ಮಗ. ಹೋದ ತಿಂಗಳು ವಾರಿಜಾ ಹೆದರುತ್ತಲೇ ಮಾತು ತೆಗೆದಿದ್ದಳು: "ಮಗು ಅಲ್ಲಿ ಖುಷಿಯಾಗಿಲ್ಲ ಅಂತ ಕಾಣ್ತದೆ." ಧನರಾಜ್ ಪೇಪರಿನಿಂದ ತಲೆ ಎತ್ತಿರಲಿಲ್ಲ. "ಹೊಸತರಲ್ಲಿ ಎಲ್ಲ ಕಡೆ ಇರುದೇ ಅದು. ನೀನು ಫೋನ್ ಮಾಡಿ ಮಾಡಿ ಅವಳ ತಲೆ ಕೆಡಿಸ್ಬೇಡ. ನಾಳೆ ನಾನು ಅನಿಲನಿಗೆ ಮುಖ ತೋರಿಸ್ಬೇಕಾ ಬೇಡವಾ?"

ದೀಪ ಹತ್ತಿತು. ಧನರಾಜ್ ಕಣ್ಣೊರೆಸಿಕೊಂಡು ಮೈಕ್ ಹಿಡಿದ.

"ಆ ಅಪ್ಪನನ್ನು ನೋಡಿದ್ರಲ್ಲ? ಮದುವೆಯಾಗಿ ಹೋದ ಮಗಳು ಹಿಮದಲ್ಲಿ ನಡ್ಕೊಂಡು ವಾಪಸ್ ಬಂದಿದ್ದಾಳೆ. ಅವ ಏನಾದ್ರೂ ಕೇಳಿದ್ನಾ? ಯಾಕೆ ಬಂದೆ, ಯಾರಿಗೆ ಹೇಳಿ ಬಂದೆ... ಊಹೂಂ. ಒಲೆ ಹತ್ರ ಕುರ್ಚಿ ಎಳೆದು ಹಾಕಿದ, ಅಷ್ಟೆ. ನಿರ್ದೇಶಕನ ದೊಡ್ಡತನ ಅಂದ್ರೆ ಅಲ್ಲಿ ಉಂಟು!"

ಕೆಲವರು ತಲೆದೂಗಿದರು. ವಾರಿಜಾ ಬಾಗಿಲನ್ನೇ ನೋಡುತ್ತಿದ್ದಳು. ಈ ಮಾತು ಮುಗಿಯುವವರೆಗಾದರೂ ಬರದಿರಲಿ ಎಂದು ಒಮ್ಮೆ, ಈಗಲೇ ಬರಲಿ ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ಬಾಗಿಲು ಕಿರುಗುಟ್ಟಿತು. ಮೊದಲು ದೊಡ್ಡ ಸೂಟ್‌ಕೇಸು, ಹಿಂದೆ ಯಕ್ಷಿತಾ. ಕೂದಲು ಬಾಚಿರಲಿಲ್ಲ. ಕೊನೆಯ ಸಾಲಿನ ಭುವನೇಶ್ವರಿಗೆ ಸುಮ್ಮನಿರಲಾಗಲಿಲ್ಲ. "ಅರೆ, ಯಕ್ಷಿತಾ! ಎಂಥ ಮಾರಾಯ್ತಿ, ಇಷ್ಟು ದೊಡ್ಡ ಬ್ಯಾಗು? ಗಂಡ ಬರ್ಲಿಲ್ವಾ?"

ಎಲ್ಲರೂ ತಿರುಗಿದರು. ಮೈಕ್‌ನಲ್ಲಿ ಧನರಾಜನ ಉಸಿರು ಮಾತ್ರ ಕೇಳಿಸಿತು. ಅವನು ಮತ್ತೆ ಮಾತು ಶುರು ಮಾಡಿದ, ಆದರೆ ಕೊನೆಯ ದೋಣಿಯ ದೃಶ್ಯದ ಬಗ್ಗೆ ಏನೋ ಎರಡು ಮಾತು ಹೇಳಿ, "ಇವತ್ತಿಗೆ ಇಷ್ಟು ಸಾಕು," ಎಂದು ಮೈಕ್ ಇಟ್ಟುಬಿಟ್ಟ.

ಜನ ಚಹಾದ ಮೇಜಿನತ್ತ ಸರಿದಾಗ ಅವನು ಮಗಳ ಬಳಿ ಬಂದ. ವಾರಿಜಾ ನಡುವೆ ನಿಲ್ಲಲು ಓಡಿದಳು, ಆದರೆ ತಡವಾಗಿತ್ತು.

"ಶೇಖರನಿಗೆ ಹೇಳಿ ಬಂದದ್ದಾ?" ಎಂದು ಕೇಳಿಯೇಬಿಟ್ಟ.

ಯಕ್ಷಿತಾ ಅಪ್ಪನ ಮುಖವನ್ನು ನೋಡಿದಳು. "ಹೇಳಿದ್ರೆ ಬಿಡ್ತಿದ್ದನಾ ಪಪ್ಪಾ? ರೋಜ್ ಆಫೀಸಿಗೆ ಹೋಗುವಾಗ ಬಾಹರ್ ಸೇ ತಾಲಾ ಹಾಕಿ ಹೋಗ್ತಾನೆ. ನಾನು ಒಳಗೆ." ಅವಳು ದನಿ ತಗ್ಗಿಸಲಿಲ್ಲ. ಚಹಾದ ಮೇಜಿನ ಬಳಿ ಭುವನೇಶ್ವರಿ ಲೋಟ ಕೆಳಗಿಟ್ಟಳು.

ರಿಕ್ಷಾದಲ್ಲಿ ಮೂವರೂ ಒತ್ತಿಕೊಂಡು ಕೂತರು. ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಧನರಾಜನ ಮುಖ ವಾರಿಜಾಳಿಗೆ ಕಾಣುತ್ತಿರಲಿಲ್ಲ. ಇವನು ಈಗ ಏನು ಹೇಳಿಯಾನು? ನಾಳೆ ನಾನೇ ಅವಳನ್ನು ಅಂಧೇರಿಗೆ ಬಿಟ್ಟು ಬರ್ತೇನೆ ಅಂದರೆ? ಹಾಗಂದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ ಎಂದು ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ಈವರೆಗೆ ಅವನಿಗೆ ಎಂದೂ ಅಡ್ಡ ನಿಂತವಳಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಧನರಾಜನ ಫೋನು ಬಡಿದುಕೊಂಡಿತು. ಅನಿಲಕುಮಾರ. ಧನರಾಜ್ ಹೊರಗಿನ ಗ್ಯಾಲರಿಗೆ ಹೋಗಿ ಎತ್ತಿಕೊಂಡ. ತಾಯಿ ಮಗಳಿಗೆ ಒಂದೇ ಕಡೆಯ ಮಾತು ಕೇಳಿಸುತ್ತಿತ್ತು.

"ಹೌದು, ಇಲ್ಲೇ ಇದ್ದಾಳೆ... ಇರ್ಲಿ ಅನಿಲಾ, ಮೊದಲು ನಂಗೊಂದು ಹೇಳು. ಅವ ಹೊರಗಿಂದ ಬೀಗ ಹಾಕ್ತಾನಂತೆ." ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡ. ಮತ್ತೆ ಮಾತಾಡಿದಾಗ ದನಿ ಸಣ್ಣದಾಗಿತ್ತು. "ಗೊತ್ತಿತ್ತಾ ನಿಂಗೆ?"

ಉತ್ತರ ಕೇಳಿದೊಡನೆ ಕರೆ ಕತ್ತರಿಸಿ, ಫೋನನ್ನು ಜೇಬಿಗೆ ಹಾಕಿ ಒಳಗೆ ಬಂದ. ಇಬ್ಬರ ಮುಖವನ್ನೂ ನೋಡಲಿಲ್ಲ. ಸ್ಟೂಲು ಎಳೆದು ಮಗಳ ಮದುವೆಯಾದ ಮೇಲೆ ಅಟ್ಟದಲ್ಲಿ ಸುತ್ತಿಟ್ಟಿದ್ದ ಅವಳ ಹತ್ತಿಯ ಹಾಸಿಗೆಯನ್ನು ಇಳಿಸತೊಡಗಿದ. ಹಿಡಿಯಲು ಬಂದ ವಾರಿಜಾಳಿಗೆ ಕೈಸನ್ನೆಯಲ್ಲೇ ಬೇಡವೆಂದ. ಗ್ಯಾಲರಿಯ ಕಂಬಿಯ ಮೇಲೆ ಅದನ್ನು ಹೇರಿ, ಕೋಲು ತಂದು ಬಡಿಯತೊಡಗಿದ.

ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ವಾರಿಜಾ ಅಕ್ಕಿ ತೊಳೆಯುತ್ತ ಕಿವಿಗೊಟ್ಟಳು. ಎದುರು ಬಿಲ್ಡಿಂಗಿನಲ್ಲಿ ಯಾರೋ ಕಿಟಕಿ ತೆರೆದು ನೋಡಿ, ಮುಚ್ಚಿಕೊಂಡರು. ಹಾಸಿಗೆಯಿಂದ ಧೂಳು ಏಳುವುದು ಯಾವಾಗಲೋ ನಿಂತಿತ್ತು. ಧನರಾಜ್ ಬಡಿಯುತ್ತಲೇ ಇದ್ದ.