ಶ್ರಾದ್ಧದ ಅಡುಗೆಯೂ ಹಾರ್ಮೋನ್ ಗುಳಿಗೆಯೂ

ಐವತ್ತರ ಹೊಸ್ತಿಲಲ್ಲಿ ಪ್ರಿಯಂವದಾಳ ಮುಟ್ಟು ನಿಂತಾಗ ಎಲ್ಲರಿಗಿಂತ ಖುಷಿಪಟ್ಟವರು ಅತ್ತೆ ಲಕ್ಷ್ಮೀಬಾಯಿ. ಹೊರಗೆ ಕೂರುತ್ತಿದ್ದ ಸೊಸೆ ಇನ್ನು ತಿಂಗಳಿಡೀ ಮಡಿಗೆ ಸಿಕ್ಕಳಲ್ಲ! ಹೊಸಪೇಟೆಯ ಆ ಮನೆಯ ಹಬ್ಬ, ಪಾರಣೆ, ಶ್ರಾದ್ಧ ಎಲ್ಲದರ ಅಡುಗೆಯೂ ಅವಳ ಪಾಲಿಗೆ ಬಂತು. ಕಾಲೇಜಿಗೆ ಪಾಠ ಹೇಳಲು ಹೋಗುವ ಮುಂಚೆ ಒದ್ದೆ ಸೀರೆಯುಟ್ಟು, ಫ್ಯಾನಿಲ್ಲದ ಅಡುಗೆಮನೆಯಲ್ಲಿ ನಿಂತರೆ ಮೈಯೊಳಗೇ ಇನ್ನೊಂದು ಒಲೆ ಹೊತ್ತಿಕೊಳ್ಳುತ್ತಿತ್ತು. ರಾತ್ರಿ ನಿದ್ದೆಯಿಲ್ಲ. ತರಗತಿಯಲ್ಲಿ ಹೇಳುತ್ತಿದ್ದ ಮಾತು ಅರ್ಧಕ್ಕೇ ಮರೆತುಹೋಗುತ್ತಿತ್ತು. ‘ಹಿಂಗ ಮಡಿ ಮಡಿ ಅಂತ ಒಂದಿನ ನಾನೇ ಮಡೀತೀನಿ’ ಎಂದು ಗೊಣಗುತ್ತ ಡಾಕ್ಟರ್ ಅನುಸೂಯಾ ಬಳಿ ಹೋಗಿ, ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡು, ಗುಳಿಗೆ ತಂದಳು.

ಊಟಕ್ಕೆ ಕೂತಾಗ, ಡಾಕ್ಟರು ತನಗೆ ಹೇಳಿದ್ದನ್ನು ಅವರ ಧ್ವನಿಯಲ್ಲೇ ಹೇಳಿ ತೋರಿಸಿದಳು: “ನಿಮಗ ಹಾರ್ಮೋನ್ ನಡಿತದ. ಮೊದಲ ಕೆಲವು ತಿಂಗಳು ಸ್ವಲ್ಪ ರಕ್ತದ ಕಲೆ ಕಾಣಬಹುದು. ಹೆಚ್ಚಾದ್ರ ಬರ್ರಿ. ತೀರ್ಮಾನ ನಿಮ್ಮದು.”

ಲಕ್ಷ್ಮೀಬಾಯಿ ತುತ್ತು ನಿಲ್ಲಿಸಿದರು. “ಕಲೆ ಅಂದ್ರ ಮುಟ್ಟೇ ಅಲ್ಲೇನ?”

“ಅಲ್ರೀ ಅತ್ತೀ, ಅದು ಗುಳಿಗಿಯಿಂದ.”

“ರಕ್ತ ಅಂದ್ರ ರಕ್ತನ. ಮುಂದಿನ ತಿಂಗಳು ನಿಮ್ಮ ಮಾವನವರ ಶ್ರಾದ್ಧ ಅದ. ಅದಾದಮ್ಯಾಲೆ ತಗೋ.”

“ಆಮ್ಯಾಲೆ ನವರಾತ್ರಿ.”

“ಅದೂ ಆಗಲಿ.”

“ಆಮ್ಯಾಲೆ ತುಳಸಿ ಲಗ್ನ, ಆಮ್ಯಾಲೆ ಧನುರ್ಮಾಸ, ಆಮ್ಯಾಲೆ ನಂದೇ ಶ್ರಾದ್ಧ. ಅದರ ಅಡಿಗಿ ಯಾರು ಮಾಡ್ತಾರ್ರಿ?”

ಗಂಡ ವೆಂಕೋಬ ಕೆಮ್ಮಿದ. “ಸಂಡೂರಿನ ಅಕ್ಕ ಹೇಳಿದ್ಲು, ಅದರಿಂದ ಕ್ಯಾನ್ಸರ್...”

ಅವನ ಕೆಮ್ಮನ್ನೇ ಕೆಮ್ಮಿ ತೋರಿಸಿದಳು ಪ್ರಿಯಂವದಾ. “ಅಕ್ಕ ಗಣಿ ಆಫೀಸಿನಾಗ ಕ್ಲರ್ಕು, ಡಾಕ್ಟರ್ ಅಲ್ಲ. ಅದನ್ನೂ ಕೇಳೀನಿ. ಭಾಳ ವರ್ಷ ತಗೊಂಡ್ರ ಸ್ತನದ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚತದಂತ. ವರ್ಷಕ್ಕೊಮ್ಮೆ ತೋರಿಸ್ಕೋತೀನಿ. ಆ ಕಡೆ ಅದನ್ನಿಟ್ಟು, ಈ ಕಡೆ ನನ್ನ ನಿದ್ದಿ ಇಟ್ಟು ತೂಗೀನಿ. ನೀವಿಬ್ಬರೂ ಶ್ರಾದ್ಧ ಬಿಟ್ಟು ಏನು ತೂಗಿದ್ರಿ?”

ಅವಳು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

“ನುಂಗಿಬಿಟ್ಟ್ಯಾ!” ಎಂದ ವೆಂಕೋಬ. “ಮತ್ತ ಅಡಿಗಿ?”

“ನಿಮ್ಮ ಅಪ್ಪಾರ ಶ್ರಾದ್ಧ. ಮಡೀಲೆ ನೀವೇ ಮಾಡ್ರಿ.”

“ಅಂವಗ ಒಗ್ಗರಣಿ ಹಾಕಾಕೂ ಬರೂದಿಲ್ಲ” ಎಂದರು ಲಕ್ಷ್ಮೀಬಾಯಿ.

“ಇನ್ನೂ ತಿಂಗಳದ. ಕಲಿಸ್ರಿ.”

ಲಕ್ಷ್ಮೀಬಾಯಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಟ್ಟುಸಿರಿಟ್ಟು ಕೇಳಿದರು: “ಧೋತ್ರನಾದ್ರೂ ಬಿಚ್ಚದಂಗ ಉಡಾಕ ಬರತದೇನಲೇ?”