ನಾಲ್ಕನೇ ಆಜ್ಞೆಯ ಪಕ್ಕದ ಸೋರಿಕೆ

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿನಲ್ಲಿ ನಮ್ಮ ಮಾಳಿಗೆಯ ತುಂಬ ಆ ಚಳಿಗಾಲವಿಡೀ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ. ಈಗಲೂ ಎಲ್ಲಿಂದಾದರೂ ಆ ವಾಸನೆ ತೇಲಿಬಂದರೆ ನೂಲು ಸುತ್ತುವ ಕೈ ತಾನಾಗಿ ನಿಲ್ಲುತ್ತದೆ.

ಅಪ್ಪ, ಎಲೀ ವಾಲ್ಮಲೆಟ್, ರೇಷ್ಮೆ ನೇಯುವವರಿಗೆ ಹೂಬಳ್ಳಿಯ ನಮೂನೆ ಬರೆದುಕೊಡುತ್ತಿದ್ದ. ರಾಜನ ಕ್ಯಾಥೊಲಿಕ್ ಮತಕ್ಕೆ ಒಪ್ಪದೆ ಫ್ರಾನ್ಸಿನಿಂದ ಓಡಿಬಂದ ನಮ್ಮ ಹ್ಯೂಗನಾಟ್ ಜನ ಇಲ್ಲಿ ಹೊಸ ದೇವಾಲಯ ಕಟ್ಟಿದಾಗ, ಬೈಬಲಿನ ಹತ್ತು ಆಜ್ಞೆಗಳ ಹಲಗೆ ಬರೆಯುವ ಕೆಲಸ ಅವನಿಗೆ ಬಂತು. ನಮ್ಮಲ್ಲಿ ಮೂರ್ತಿಯಿಲ್ಲ, ಚಿತ್ರವಿಲ್ಲ. ಗೋಡೆಯ ಮೇಲೆ ಕಣ್ಣಿಗೆ ಸಿಗುವುದು ಅಕ್ಷರ ಮಾತ್ರ.

ಅಪ್ಪನಿಗೆ ಅಜ್ಜಿಯದೇ ಚಿಂತೆ. ಫ್ರಾನ್ಸಿನ ನಮ್ಮೂರಿನ ದೇವಾಲಯವನ್ನು ರಾಜನ ಸೈನಿಕರು ಕೆಡವಿದ ಮೇಲೆ ಅಜ್ಜಿ ಬೇರೆ ಯಾವ ದೇವಾಲಯದೊಳಗೂ ಕಾಲಿಟ್ಟಿರಲಿಲ್ಲ. ಭಾನುವಾರ ನಾವೆಲ್ಲ ಹೊರಟರೆ ಅವಳು ಕಿಟಕಿಯ ಪಕ್ಕ ಕೂತು, ಪಂಜರದ ಹಕ್ಕಿಗಳ ಜೊತೆ ಒಬ್ಬಳೇ ಕೀರ್ತನೆ ಹಾಡುತ್ತಿದ್ದಳು.

“ಒಂದ್ಸಲ ಬಾಮ್ಮ,” ಎಂದು ಅಪ್ಪ ಕರೆದರೆ, “ಹೋಗೋ, ಅದು ಯಾರದೋ ಮನೆ. ಎಲ್ಲಿ ಕೂರಬೇಕು ಅಂತಾನೇ ಗೊತ್ತಾಗಲ್ಲ ನಂಗೆ,” ಅನ್ನುತ್ತಿದ್ದಳು.

ಅದಕ್ಕೇ ಅಪ್ಪ ಊರಿನ ಹಳೇ ಹಲಗೆ ಹೇಗಿತ್ತೋ ಹಾಗೇ, ನೆನಪಿನಿಂದ, ಮತ್ತೆ ಬರೆಯಲು ಹೊರಟ. ಲಂಡನ್ನಿಗೆ ಬಂದಿದ್ದ ನಮ್ಮೂರಿನವರೆಲ್ಲ ಮೆಟ್ಟಿಲು ಹತ್ತಿ ಬಂದು, ಅಮ್ಮ ಮಾಡಿದ ಎತ್ತಿನ ಬಾಲದ ಸಾರು ಕುಡಿಯುತ್ತ ಜಗಳಕ್ಕಿಳಿಯುತ್ತಿದ್ದರು.

“ಅಕ್ಷರ ಹಳದಿ ಕಣಯ್ಯಾ,” ಎಂದ ಒಬ್ಬ ನೇಕಾರ.

“ಬಿಳಿ! ನೀನು ಯಾವತ್ತು ಎಚ್ಚರವಾಗಿ ಕೂತಿದ್ದೆ, ನೋಡೋಕೆ?” ಎಂದಳು ಅವನ ಹೆಂಡತಿ ಮಾರ್ತಕ್ಕ. “ನಿನ್ನ ಗೊರಕೆಗೆ ಬೋಧಕರೇ ದನಿ ಏರಿಸಬೇಕಾಗಿತ್ತು.”

ಒಂದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಊರಿನ ದೇವಾಲಯದ ಮಾಡು ಸೋರುತ್ತಿತ್ತು. ನಾಲ್ಕನೇ ಆಜ್ಞೆಯ ಪಕ್ಕದಲ್ಲಿ ನೀರಿಳಿದು, ಹಲಗೆಯ ತುದಿಯವರೆಗೂ ಕಂದು ಗುರುತು ಬಿದ್ದಿತ್ತು. ಅಪ್ಪ ಅದನ್ನೂ ಬರೆದ.

ಹಲಗೆ ಗೋಡೆಗೇರಿದ ಶನಿವಾರ, ಸಭೆಯ ಹಿರಿಯರಾದ ತೆಸಿಯೆ ಹುಬ್ಬು ಗಂಟಿಕ್ಕಿದರು. ಅವರೂ ನಮ್ಮೂರಿನವರೇ.

“ಏನೋ ಎಲೀ, ಹೊಸ ಹಲಗೆ ಮೇಲೆ ಕೊಳೆ?”

“ಕೊಳೆ ಅಲ್ಲ ಯಜಮಾನ್ರೇ, ನಾನೇ ಬರೆದದ್ದು.”

“ಹಾಗಾದ್ರೆ ಇನ್ನೂ ಕೆಟ್ಟದ್ದು! ಯಾವುದರ ರೂಪವನ್ನೂ ಮಾಡಬೇಡ ಅಂತ ನಿನ್ನ ಕೈಯಾರೆ ಎರಡನೇ ಆಜ್ಞೆ ಬರೆದು, ಅದರ ಕೆಳಗೇ ಚಿತ್ರ ಬಿಡಿಸಿದ್ದೀಯಲ್ಲೋ!”

“ನೀರು ಸೋರಿದ್ದಕ್ಕೆ ಯಾರಾದ್ರೂ ಅಡ್ಡ ಬೀಳ್ತಾರಾ?”

ಹಲಗೆ ನೋಡಲು ಬಂದಿದ್ದ ಮಾರ್ತಕ್ಕ ಕಿಸಕ್ಕನೆ ನಕ್ಕಳು. ತೆಸಿಯೆ ನಗಲಿಲ್ಲ. ಅಪ್ಪ ಅಜ್ಜಿಯ ವಿಷಯ ಹೇಳಿದ. ಯಜಮಾನರು ಆ ಗುರುತನ್ನೇ ಬಹಳ ಹೊತ್ತು ನೋಡುತ್ತ ನಿಂತರು.

“ನಾಳೆ ಒಂದಿನ ಇರಲಿ. ನಿಮ್ಮಮ್ಮ ಬಂದು ಕೂತರೆ ಸರಿ. ಇಲ್ಲಾಂದ್ರೆ ಸೋಮವಾರ ನೀನೇ ಬಣ್ಣ ಬಳಿದು ಮುಚ್ಚಬೇಕು.”

ಬೆಳಿಗ್ಗೆ ಅಪ್ಪ ಅಜ್ಜಿಯ ಮುಂದೆ ಮೊಣಕಾಲೂರಿದ. “ಒಳಗೆ ಬರಬೇಡಮ್ಮ. ಬಾಗಿಲಲ್ಲಿ ನಿಂತು, ಅಕ್ಷರ ಹಳದಿಯೋ ಬಿಳಿಯೋ ಅಷ್ಟು ಹೇಳಿಬಿಡು. ಇವರ ಜಗಳ ಮುಗೀಲಿ.”

“ಹಳದೀನೇ. ಅದಕ್ಕೆ ಅಲ್ಲಿವರೆಗೂ ಬರಬೇಕಾ?” ಎಂದು ಗೊಣಗಿಕೊಂಡೇ ಅಜ್ಜಿ ಶಾಲು ಹುಡುಕಿದಳು.

ನನ್ನ ಭುಜ ಹಿಡಿದು ಬಾಗಿಲಲ್ಲಿ ನಿಂತಳು. ಅಪ್ಪ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಅಜ್ಜಿ ಹಲಗೆಯನ್ನು ಮೇಲಿನಿಂದ ನೋಡುತ್ತ ಬಂದಳು. ಅರ್ಧದಲ್ಲಿ ಅವಳ ಕಣ್ಣು ನಿಂತಿತು. ಭುಜದ ಮೇಲಿನ ಬೆರಳು ಬಿಗಿಯಾಯಿತು.

“ಅಯ್ಯೋ ಸೋಮಾರಿಗಳಾ,” ಎಂದಳು, ಇಡೀ ಸಭೆಗೆ ಕೇಳುವಂತೆ. “ಇನ್ನೂ ಆ ಮಾಡು ಸರಿ ಮಾಡಿಸಿಲ್ವಾ?”

ಅಜ್ಜಿ ನನ್ನ ಭುಜ ಬಿಟ್ಟು, ಯಾರನ್ನೂ ಕೇಳದೆ, ನೆಟ್ಟಗೆ ಹೆಂಗಸರ ಬೆಂಚಿಗೆ ನಡೆದಳು. ಗೋಡೆಯಿಂದ ಸ್ವಲ್ಪ ದೂರ ಜಾಗ ಬಿಟ್ಟು ಕೂತು, ಶಾಲನ್ನು ತಲೆಗೆ ಎಳೆದುಕೊಂಡಳು.

“ಈಚೆ ಬಾ ಮಗಾ,” ಎಂದು ನನ್ನನ್ನು ಹತ್ತಿರ ಎಳೆದುಕೊಂಡಳು. “ಅಲ್ಲಿ ಕೂತ್ರೆ ತಲೆ ಮೇಲೆ ನೀರು ಬೀಳುತ್ತೆ.”

ಹಲಗೆಯ ಕೆಳಗೇ ಕೂತಿದ್ದ ತೆಸಿಯೆ ಯಜಮಾನರು ಒಮ್ಮೆ ಮೇಲೆ ನೋಡಿದರು. ಆಮೇಲೆ ಅವರೂ ಸ್ವಲ್ಪ ಸರಿದು ಕೂತರು.