ಬೀಳದ ಗೋಡೆ

ಪರದೆಯ ಮೇಲೆ ಆ ಗೋಡೆಯ ಚಿತ್ರ ಬಂದೊಡನೆ ಪಂಡರಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಅವನ ಹಿಂದೆ ಕೂತಿದ್ದ, ಅವನದೇ ಊರು ಮೋರಖಂಡಿಯ ಇಬ್ಬರು ಗೌಂಡಿಗಳಿಗೆ ಒಮ್ಮೆಲೇ ಕೆಮ್ಮು ಬಂತು.

ಹುಮನಾಬಾದಿನ ಸಭಾಭವನವೊಂದರಲ್ಲಿ ಗೌಂಡಿಗಳಿಗೆ ಮೂರು ದಿನದ ತರಬೇತಿ ನಡೆದಿತ್ತು. ಹಳ್ಳ ಉಕ್ಕಿ ನೀರು ನುಗ್ಗುವ ಊರುಗಳಲ್ಲಿ ಮನೆ ಹೇಗೆ ಕಟ್ಟಬೇಕೆಂಬುದು ಪಾಠ. ಕಲಿಸುತ್ತಿದ್ದ ಮನೀಷಾ ವಾಸ್ತುಶಿಲ್ಪ ಓದಿದವಳು, ಇಪ್ಪತ್ತಾರರ ಹುಡುಗಿ. ಕಲಿಯಲು ಬಂದವರಲ್ಲಿ ಪಂಡರಿಯೇ ಎಲ್ಲರಿಗಿಂತ ಹಿರಿಯ. ಮೂವತ್ತು ವರ್ಷ ಕರಣಿ ಹಿಡಿದವನಿಗೆ ಗೋಡೆ ಕಟ್ಟುವುದನ್ನು ಇನ್ನೊಬ್ಬರು ಹೇಳಿಕೊಡುವುದು ಬೇಕಿರಲಿಲ್ಲ. ಆದರೆ ಇನ್ನು ಮುಂದೆ ಪ್ರಮಾಣಪತ್ರ ಇದ್ದವರಿಗೇ ಸರಕಾರಿ ಮನೆಗಳ ಕೆಲಸ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಅದಕ್ಕೇ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದ್ದ.

"ಇದು ಮೋರಖಂಡಿ ಹಳ್ಳದ ದಂಡಿ ಮನಿ," ಎಂದಳು ಮನೀಷಾ. "ಸುತ್ತ ಕಾಂಪೌಂಡ್ ನೋಡ್ರಿ. ಗೇಟು ಮ್ಯಾಲಿನ ಕಡೆ ಅದ, ಇಳಿಜಾರು ಹಿತ್ತಲ ಕಡೆ. ಹೋದ ವರ್ಷ ಹಳ್ಳ ಬಂದಾಗ ನೀರು ಗೇಟಿನಾಗಿಂದ ಒಳಗ ಬಂತು. ಹೊರಗ ಹೋಗಲಾಕ ಹಿಂದಿನ ಗ್ವಾಡಿಗೆ ಒಂದು ಕಿಂಡಿನೂ ಇಲ್ಲ. ಅಂಗಳ ಕೆರಿ ಆಗಿಬಿಡ್ತು. ಮಣ್ಣಿನ ಮನಿ ನೆನೆದು ಕುಸೀತು. ಈ ಕಾಂಪೌಂಡ್ ಕಟ್ಟಿದ ಗೌಂಡಿಗೆ ನೀರು ಹ್ಯಾಂಗ ಹರೀತದ ಅನ್ನೂದೇ ಗೊತ್ತಿದ್ದಂಗಿಲ್ಲ."

ಹಿಂದಿನ ಕೆಮ್ಮು ಜೋರಾಯಿತು. ಪಂಡರಿಗೆ ತಡೆಯಲಾಗಲಿಲ್ಲ.

"ಕಾಂಪೌಂಡ್ ಬಿತ್ತೇನ್ರಿ?"

"ಇಲ್ಲ ಕಾಕಾ. ಒಂದು ಬಿರುಕು ಸೈತ ಬಿಟ್ಟಿಲ್ಲ."

"ಹಂಗಾದ್ರ ಗೌಂಡಿ ತಪ್ಪೇನದ? ಅಂವ ಮಜಬೂತ್ ಕಟ್ಯಾನ. ತಪ್ಪು ನೀರಿಂದು."

ಸಭೆಯೆಲ್ಲ ನಕ್ಕಿತು. ಮನೀಷಾಳೂ ನಕ್ಕಳು. "ಆಯ್ತು, ನೀರು ಏನು ಮಾಡ್ತಂತ ಆ ಮನಿಯವರನ್ನೇ ಕೇಳೋಣ," ಎಂದು ಮುಂದಿನ ಸಾಲಿನತ್ತ ಕೈ ತೋರಿದಳು.

ಅಲ್ಲಿಂದ ಎದ್ದು ನಿಂತವಳು ಸುಂದರಬಾಯಿ. ಆಕೆ ಬಂದಿರುವುದು ಪಂಡರಿಗೆ ಗೊತ್ತೇ ಇರಲಿಲ್ಲ. ಮನೆ ಬಿದ್ದ ದಿನದಿಂದ ಆಕೆ ತಂಗಿಯ ಪಡಸಾಲೆಯಲ್ಲಿದ್ದಳು. ಹನ್ನೊಂದು ತಿಂಗಳಿಂದ ಅವನೊಡನೆ ಮಾತಿಲ್ಲ. ದಾರಿಯಲ್ಲಿ ಅವನು ಎದುರಾದರೆ ಸೆರಗು ಸರಿಮಾಡಿಕೊಂಡು ಹೊಲದ ಬದುವಿಗಿಳಿದು ಹೋಗುತ್ತಿದ್ದಳು.

"ಹೇಳೂದೇನದ್ರಿ?" ಎಂದಳು ಸುಂದರಬಾಯಿ, ಮೈಕು ಬಾಯಿಗೆ ಬಡಿಯುವಷ್ಟು ಹತ್ತಿರ ಹಿಡಿದು. "ಮುಂಜಾನಿಂದ ಮಧ್ಯಾನತನ ನಾ ಅದೇ ಕಾಂಪೌಂಡ್ ಮ್ಯಾಲ ಕುಂತಿದ್ದೆ, ಆಡು ತೊಡಿ ಮ್ಯಾಲ ಇಟ್ಕೊಂಡು. ಕಣ್ಣ ಮುಂದ ಮನಿ ಕುಸುದು ಬಿತ್ತು. ಗ್ವಾಡಿ ಮಾತ್ರ ಜರಾನೂ ಅಲುಗಾಡ್ಲಿಲ್ಲ. ಗ್ವಾಡಿ ಭಾಳ ಛಲೋ ಅದರಿ. ಮನಿ ಸೈತ ಅವನ ಕಡಿಂದೇ ಕಟ್ಟಿಸಬೇಕಾಗಿತ್ತು."

ಕುರ್ಚಿಗಳು ಅಲುಗಾಡುವಷ್ಟು ನಗೆ ಎದ್ದಿತು.

"ಯಾರು ಕಟ್ಟಿದ್ದು ಕಾಕೂ?" ಎಂದು ಕೇಳಿದಳು ಮನೀಷಾ.

ಸುಂದರಬಾಯಿ ಪಂಡರಿಯ ಕಡೆ ನೋಡಲೂ ಇಲ್ಲ, ಹೆಸರು ಹೇಳಲೂ ಇಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಪಂಡರಿಗೆ ಹಂದಿಗಳ ನೆನಪಾಯಿತು. ಊರ ಹಂದಿಗಳ ಕಾಟಕ್ಕೆ ಬೇಸತ್ತು, ಗೋಡೆಯಲ್ಲಿ ಮರಿಯೊಂದು ತೂರುವಷ್ಟು ಸಂದಿಯೂ ಇರಬಾರದೆಂದು ಹಟ ಹಿಡಿದಿದ್ದವಳು ಇದೇ ಸುಂದರಬಾಯಿ. ಆ ಒಂದು ಮಾತು ಈಗ ಹೇಳಿದರೆ ಸಾಕಿತ್ತು, ನಗೆಯೆಲ್ಲ ಆಕೆಯ ಕಡೆ ತಿರುಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆಕೆ ಸುತ್ತಿದ ಅಂಚನ್ನು ಬಿಚ್ಚಿ ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿರುವುದು ಅವನಿಗೆ ಕಂಡಿತು.

ಅವನು ಟೋಪಿ ತೆಗೆದು ಎದ್ದು ನಿಂತ.

"ನಾ ಕಟ್ಟೀನ್ರಿ."

ಮನೀಷಾಳ ಮುಖ ಕೆಂಪೇರಿತು. "ಅಯ್ಯೋ ಕಾಕಾ, ನಂಗ ಗೊತ್ತಿರಲಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ."

"ಇರಲಿ ಬಿಡ್ರಿ. ಫೋಟೋ ಭಾಳ ಚಂದ ಬಂದದ."

ಮೂರನೆಯ ದಿನ ಎಲ್ಲರೂ ಮೋರಖಂಡಿಗೆ ಬಂದರು. ಅದೇ ಜಾಗದಲ್ಲಿ ಮೂರು ಅಡಿ ಕಲ್ಲಿನ ಕಟ್ಟೆಯ ಮೇಲೆ ಸುಂದರಬಾಯಿಯ ಹೊಸ ಮನೆ ಏಳುವುದಿತ್ತು. ಅದಕ್ಕೂ ಮೊದಲು ಹಿಂದಿನ ಗೋಡೆಯ ಬುಡದಲ್ಲಿ ನೀರು ಹೊರಹೋಗಲು ನಾಲ್ಕು ಕಿಂಡಿ ಕೊರೆಯಬೇಕು. ಮನೀಷಾ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಕೆಮ್ಮಿದ ಗೌಂಡಿಗಳಿಬ್ಬರೇ ಉಳಿ ಸುತ್ತಿಗೆ ಹಿಡಿದು ಮುಂದೆ ಬಂದರು.

ಅರ್ಧ ಗಂಟೆಯಲ್ಲಿ ಒಂದು ಉಳಿಯ ಮೊನೆ ಮುರಿಯಿತು. ಒಬ್ಬನ ಸುತ್ತಿಗೆ ಹಿಡಿಕೆ ಬಿಟ್ಟು ಹಾರಿ ಬೇವಿನ ಗಿಡಕ್ಕೆ ಬಡಿಯಿತು. ಗೋಡೆಯಿಂದ ಉದುರಿದ್ದು ಒಂದು ಹಿಡಿ ಪುಡಿ. ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಪಂಡರಿ ಬಸಿಯನ್ನು ಬಾಯಿಂದ ತೆಗೆಯಲೇ ಇಲ್ಲ, ನಗು ಕಂಡೀತೆಂದು.

"ಏನು ಹಾಕಿ ಕಟ್ಟೀರಿ ಕಾಕಾ ಇದನ್ನ?" ಎಂದಳು ಮನೀಷಾ, ಸೋತ ದನಿಯಲ್ಲಿ.

"ಏನು ಹಾಕಬೇಕೋ ಅದೇ ಹಾಕೀನ್ರಿ. ಸಿಮೆಂಟಿನಾಗ ಕಳ್ಳತನ ಮಾಡಿಲ್ಲ."

ಗೇಟಿನ ಬಳಿ ನಿಂತಿದ್ದ ಸುಂದರಬಾಯಿ ಹತ್ತಿರ ಬಂದಳು. "ಕಿಂಡಿ ಬ್ಯಾಡ ಅಂದಾಕಿ ನಾನೇ ರೀ ಮೇಡಂ," ಎಂದಳು. "ಹಂದಿ ಬರತಾವಂತ. ಇಂವ ಎರಡು ಸಲ ಕೇಳಿದ್ದ. ನಾನೇ ಬೈದು ಬಾಯಿ ಮುಚ್ಚಿಸಿದ್ದೆ." ಆಮೇಲೆ ಪಂಡರಿಯ ಕಡೆ ತಿರುಗದೆ ಗೋಡೆಗೇ ಹೇಳುವಂತೆ, "ಪಂಡರಿ, ನೀನೇ ಒಡಿಯಪ್ಪಾ. ಈ ಹುಡುಗರ ಕಡಿಂದ ಆಗಂಗಿಲ್ಲ," ಎಂದಳು.

ಪಂಡರಿ ಬಸಿ ಕೆಳಗಿಟ್ಟ. ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟ. ಆಮೇಲೆ ಮನೀಷಾ ಎಳೆದ ಗೆರೆಯನ್ನು ಅಂಗೈಯಿಂದ ಒರೆಸಿಬಿಟ್ಟ.

"ಇದು ಮ್ಯಾಲಾಯ್ತ್ರಿ. ನೀರು ನೆಲ ಹಿಡ್ಕೊಂಡು ಹೋಗ್ತದ. ನಾಕು ಬೆರಳು ಕೆಳಗ ಬೇಕು."

ಮನೀಷಾ ಬಗ್ಗಿ ನೋಡಿದಳು. ಅಂಗಳದ ಇಳಿಜಾರನ್ನೂ ಕಣ್ಣಳತೆ ಮಾಡಿದಳು. "ಹೌದ್ರಿ," ಎಂದು ಒಪ್ಪಿಕೊಂಡು ತನ್ನ ಪುಸ್ತಕ ತೆರೆದು ಬರೆದುಕೊಂಡಳು. "ಹಂದಿಗೆ ಕಬ್ಬಿಣದ ಜಾಳಿಗಿ ಹಾಕೋಣ ಕಾಕೂ. ನೀರು ಹೋಗ್ತದ, ಹಂದಿ ಬರಂಗಿಲ್ಲ."

"ಮೊದಲೇ ಹೇಳಾಕ ಬರಲಿಲ್ಲೇನು ನಿಂಗ?" ಎಂದು ಸುಂದರಬಾಯಿ ಪಂಡರಿಯನ್ನು ಗದರಿದಳು.

ತಾನು ಕಟ್ಟಿದ್ದನ್ನು ಒಡೆಯುವುದು ಅವನಿಗೆ ಹೊಸದು. ಮೊದಲ ಏಟಿಗೆ ಕಣ್ಣು ಮುಚ್ಚಿಕೊಂಡ. ಕಲ್ಲುಗಳು ಕೂಡುವ ಕಡೆ ಉಳಿಯಿಟ್ಟು ಹತ್ತು ಏಟು ಹಾಕುವಷ್ಟರಲ್ಲಿ ಮೊದಲ ಕಲ್ಲು ಸಡಿಲಾಯಿತು. ಹೊತ್ತು ಇಳಿಯುವುದರೊಳಗೆ ನಾಲ್ಕೂ ಕಿಂಡಿ ಆಗಿದ್ದವು. ಮನೀಷಾ ಮತ್ತು ಉಳಿದವರು ಪ್ರಮಾಣಪತ್ರದ ಫೋಟೋಕ್ಕೆಂದು ಗೇಟಿನ ಕಡೆ ಹೋದರು. ಪಂಡರಿಯನ್ನೂ ಕೂಗಿದರು. ಅವನು ಹೋಗಲಿಲ್ಲ.

ಸುಂದರಬಾಯಿ ಕೊಡದಲ್ಲಿ ನೀರು ತಂದು ಅಂಗಳದ ಮೇಲ್ತುದಿಯಲ್ಲಿ ಸುರಿದಳು. ನೀರು ಧೂಳಿನಲ್ಲಿ ಒಂದು ಕ್ಷಣ ನಿಂತು, ಎರಡು ಬೇವಿನೆಲೆ ಹೊತ್ತುಕೊಂಡು, ಗೋಡೆಯ ಕಡೆ ಹೊರಟಿತು. ಆಕೆ ಇನ್ನೊಂದು ಕೊಡ ತರಲು ಹೋದಳು.

ಗೋಡೆಯ ಆಚೆ ಪಂಡರಿ ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ. ನೀರು ಹೊರಬಂದು ಅವನ ಚಪ್ಪಲಿ ನೆನೆಸಿತು. ಅವನು ಕಾಲು ಹಿಂದೆಗೆಯಲಿಲ್ಲ.